ಪ್ರಶಸ್ತಿಯನ್ನು ಶಾಸನದಂತೆ ಓದುವುದು: ‘ವರ್ಷದ ಆಟ’ ಮನ್ನಣೆಗಳು ಮತ್ತು ಆರ್‌ಪಿಜಿ ವಿಡಿಯೊ ಗೇಮ್‌ಗಳ ಪ್ರಭಾವ

ಕನ್ನಡದಲ್ಲಿ ‘ಪ್ರಶಸ್ತಿ’ ಎಂಬ ಪದ ಎರಡು ಅರ್ಥಗಳಲ್ಲಿ ಬದುಕಿದೆ. ದಿನಬಳಕೆಯಲ್ಲಿ ಅದು ಸಭೆ ಸೇರಿಸಿ ಕೊಡುವ ಮನ್ನಣೆ: ಫಲಕ, ಶಾಲು, ಹಾರ, ನಗದು. ಶಾಸನಗಳನ್ನು ಓದುವವರಿಗೆ ಅದು ಅರಸನ ವಂಶವನ್ನೂ ಗೆಲುವುಗಳನ್ನೂ ಹೊಗಳಿ ಕಲ್ಲಿನಲ್ಲಿ ಕೊರೆಸಿದ ಕಾವ್ಯ. ಐಹೊಳೆಯ ಮೇಗುತಿ ಜಿನಾಲಯದ ಗೋಡೆಯಲ್ಲಿರುವ ರವಿಕೀರ್ತಿಯ ಸಂಸ್ಕೃತ ಪ್ರಶಸ್ತಿ ಕ್ರಿ.ಶ. 634ರ ಸುಮಾರಿನದು, ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳು ಅದರ ವಸ್ತು. ಆ ಹೊಗಳಿಕೆಯನ್ನು ಯಾವ ಇತಿಹಾಸಕಾರರೂ ಇದ್ದ ಹಾಗೇ ನಂಬುವುದಿಲ್ಲ. ಆದರೆ ಅದೇ ಶಾಸನದ ಕೊನೆಗೆ ಕವಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಗೆ ಹೋಲಿಸಿಕೊಳ್ಳುತ್ತಾನೆ. ಹೋಗುತ್ತ ಹೋಗುತ್ತ ಆಡಿದ ಆ ಮಾತು ಸಾಹಿತ್ಯಚರಿತ್ರೆಗೆ ಗಟ್ಟಿ ಆಧಾರವಾಗಿ ಉಳಿದಿದೆ. ಕಾಳಿದಾಸ ಯಾವಾಗ ಬದುಕಿದ್ದ ಎಂಬ ಚರ್ಚೆ ಏನೇ ಇರಲಿ, 634ರ ಹೊತ್ತಿಗೆ ಮಲಪ್ರಭೆಯ ದಡದ ಕವಿಯೊಬ್ಬನಿಗೆ ಅವನ ಹೆಸರು ಅಳತೆಗೋಲಾಗಿತ್ತು ಎಂಬುದಂತೂ ಖಚಿತ. ಪ್ರಶಸ್ತಿ ಹೊಗಳಿದ್ದು ಒಬ್ಬನನ್ನು. ಸಾಕ್ಷಿ ನುಡಿದದ್ದು ಮತ್ತೊಬ್ಬನ ಪರವಾಗಿ.

ವಿಡಿಯೊ ಗೇಮ್‌ಗಳಿಗೆ ವರ್ಷವರ್ಷವೂ ಸಲ್ಲುವ ‘ವರ್ಷದ ಆಟ’ ಪ್ರಶಸ್ತಿಗಳನ್ನೂ ಇದೇ ಕ್ರಮದಲ್ಲಿ ಓದಬೇಕೆಂಬುದು ಈ ಲೇಖನದ ವಾದ. ಡಿಸೆಂಬರ್ ಬಂತೆಂದರೆ ಯಾವ ಆಟಕ್ಕೆ ಸಿಗಬೇಕಿತ್ತು, ಯಾವುದಕ್ಕೆ ಅನ್ಯಾಯವಾಯಿತು ಎಂಬ ಜಗಳ ಏಳುತ್ತದೆ. ಆ ಜಗಳದಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿರುತ್ತವೆ. ಈ ವರ್ಷ ಎಲ್ಲಕ್ಕಿಂತ ಚೆನ್ನಾಗಿ ಮೂಡಿಬಂದ ಆಟ ಯಾವುದು ಎಂಬುದು ಒಂದು. ಮುಂದೆ ಬರುವ ಆಟಗಳ ರೂಪವನ್ನೇ ಬದಲಿಸುವ ಆಟ ಯಾವುದು ಎಂಬುದು ಇನ್ನೊಂದು. ಇವೆರಡನ್ನು ಬಿಡಿಸಿ ನೋಡಲು ಆರ್‌ಪಿಜಿ ಎಂಬ ಪ್ರಕಾರ ತಕ್ಕ ಕ್ಷೇತ್ರ. ಆಟಗಾರ ಒಂದು ಪಾತ್ರ ವಹಿಸಿ, ಆ ಪಾತ್ರದ ಬಲ–ಕೌಶಲಗಳನ್ನು ಅಂಕಿಗಳಲ್ಲಿ ಬೆಳೆಸುತ್ತ, ತನ್ನ ಆಯ್ಕೆಗಳಿಂದ ಕಥೆಯನ್ನು ಮುಂದಕ್ಕೊಯ್ಯುವ ಈ ಪ್ರಕಾರಕ್ಕೆ 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟದಿಂದ ಇಂದಿನವರೆಗೆ ಕಡಿಯದ ವಂಶಾವಳಿಯಿದೆ. ಆ ವಂಶಾವಳಿಯನ್ನು ಪ್ರಶಸ್ತಿ ಪಟ್ಟಿಗಳ ಪಕ್ಕದಲ್ಲಿಟ್ಟರೆ ಒಂದು ವಿನ್ಯಾಸ ಕಾಣುತ್ತದೆ: ಮನ್ನಣೆ ಸಾಮಾನ್ಯವಾಗಿ ಮೂಲಪುರುಷನಿಗೆ ಸಿಗದೆ ವಾರಸುದಾರನಿಗೆ ಸಿಗುತ್ತದೆ. ಹಾಗಾಗಿ ಪ್ರಶಸ್ತಿಯ ವರ್ಷ ಗೆದ್ದ ಆಟದ ಪ್ರಭಾವಕ್ಕೆ ಪುರಾವೆಯಾಗದು. ಅದಕ್ಕೂ ಹಿಂದಿನ ಯಾವುದೋ ಆಟದ ಪ್ರಭಾವ ಎಲ್ಲರ ಆಡುಮಾತಾದ ಕಾಲವನ್ನು ಅದು ಗುರುತಿಸುತ್ತದೆ.

ತೀರ್ಪುಗಾರರು ಮತ್ತು ತೀರ್ಪು

‘ವರ್ಷದ ಆಟ’ ಎಂಬ ಹೆಸರಿನಲ್ಲಿ ಒಂದೇ ಪೀಠ ತೀರ್ಪು ಕೊಡುವುದಿಲ್ಲ. 1983ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಗೋಲ್ಡನ್ ಜಾಯ್‌ಸ್ಟಿಕ್ ಮುಖ್ಯವಾಗಿ ಆಟಗಾರರ ಮತದ ಮೇಲೆ ನಿಂತಿದೆ. ಅಮೆರಿಕದಲ್ಲಿ 1998ರಿಂದ ನಡೆಯುತ್ತಿರುವ, ಈಗ ಡೈಸ್ ಎಂದು ಕರೆಸಿಕೊಳ್ಳುವ ಪ್ರಶಸ್ತಿಗೆ ಆಟಗಳನ್ನು ಕಟ್ಟುವ ಕಸುಬುದಾರರೇ ಮತ ಹಾಕುತ್ತಾರೆ. 2001ರಲ್ಲಿ ಆರಂಭವಾದ ಗೇಮ್ ಡೆವಲಪರ್ಸ್ ಚಾಯ್ಸ್ ಕೂಡ ಸಹಕರ್ಮಿಗಳ ತೀರ್ಪು. ಬ್ರಿಟನ್ನಿನ ಬಾಫ್ಟಾ ಸಣ್ಣ ತೀರ್ಪುಗಾರ ಮಂಡಳಿಗಳನ್ನು ಕೂರಿಸುತ್ತದೆ. ಇಂದು ಅತಿ ಹೆಚ್ಚು ಸದ್ದು ಮಾಡುವ ದಿ ಗೇಮ್ ಅವಾರ್ಡ್ಸ್ ಅನ್ನು ಜೆಫ್ ಕೀಲಿ 2014ರಲ್ಲಿ ಆರಂಭಿಸಿದರು. ಅದರಲ್ಲಿ ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮತಕ್ಕೆ ಶೇ 90ರ ತೂಕ, ಸಾರ್ವಜನಿಕರ ಮತಕ್ಕೆ ಶೇ 10ರ ತೂಕ. ಅದಕ್ಕೆ ಮೊದಲು ಹತ್ತು ವರ್ಷ ಅಮೆರಿಕದ ಸ್ಪೈಕ್ ಟಿವಿ ವಾಹಿನಿಯ ಪ್ರಶಸ್ತಿಗೆ ಅಂಥ ಸ್ಥಾನವಿತ್ತು. ಆಡುವವರು, ಕಟ್ಟುವವರು, ಬರೆಯುವವರು ಎಂಬ ಮೂರು ಕಣ್ಣುಗಳಿಂದ ಒಂದೇ ವರ್ಷವನ್ನು ನೋಡಿದಾಗ ಉತ್ತರ ಮೂರಾಗುವುದುಂಟು.

2015 ಇದಕ್ಕೆ ಒಳ್ಳೆಯ ನಿದರ್ಶನ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ‘ದಿ ವಿಚರ್ 3: ವೈಲ್ಡ್ ಹಂಟ್’ ಮೇ ತಿಂಗಳಲ್ಲಿ ಬಂತು, ಅಮೆರಿಕದ ಬೆಥೆಸ್ಡಾ ಮಾಡಿದ ‘ಫಾಲ್‌ಔಟ್ 4’ ನವೆಂಬರಿನಲ್ಲಿ ಬಂತು. ಎರಡೂ ವಿಶಾಲ ತೆರೆದ ಲೋಕದ ಆರ್‌ಪಿಜಿಗಳೇ. ದಿ ಗೇಮ್ ಅವಾರ್ಡ್ಸ್, ಗೇಮ್ ಡೆವಲಪರ್ಸ್ ಚಾಯ್ಸ್, ಗೋಲ್ಡನ್ ಜಾಯ್‌ಸ್ಟಿಕ್ ಮೂರೂ ‘ವಿಚರ್’ಗೆ ಒಲಿದವು. ಡೈಸ್ ಮತ್ತು ಬಾಫ್ಟಾ ‘ಫಾಲ್‌ಔಟ್ 4’ ಅನ್ನು ಆರಿಸಿದವು. ಇಬ್ಬರೂ ಕಸುಬುದಾರರೇ ಆದ ಡೈಸ್ ಮತ್ತು ಡೆವಲಪರ್ಸ್ ಚಾಯ್ಸ್ ಮತದಾರರೇ ಬೇರೆ ಬೇರೆ ದಾರಿ ಹಿಡಿದದ್ದರಿಂದ, ‘ತಜ್ಞರಿಗೆ ಒಂದು ರುಚಿ, ಜನಕ್ಕೆ ಒಂದು ರುಚಿ’ ಎಂಬ ಸುಲಭದ ವಿವರಣೆಯೂ ಇಲ್ಲಿ ನಿಲ್ಲುವುದಿಲ್ಲ. ಇದರಿಂದ ತಿಳಿಯಬೇಕಾದದ್ದು ಇಷ್ಟು: ಗೆದ್ದ ಆಟದ ಗುಣದ ಜೊತೆಗೆ ಮತ ಎಣಿಸಿದ ವಿಧಾನ, ಆಟ ಬಿಡುಗಡೆಯಾದ ತಿಂಗಳು, ಮತದಾರನಿಗೆ ಸಿಕ್ಕ ಸಮಯ ಇವೆಲ್ಲವೂ ಪ್ರಶಸ್ತಿಯಲ್ಲಿ ಬೆರೆತಿರುತ್ತವೆ. ಒಂದು ದೊಡ್ಡ ಆರ್‌ಪಿಜಿಯನ್ನು ಮುಗಿಸಲು ಐವತ್ತರಿಂದ ನೂರು ಗಂಟೆ ಬೇಕು. ನವೆಂಬರಿನಲ್ಲಿ ಬಂದ ಆಟವನ್ನು ಡಿಸೆಂಬರಿನೊಳಗೆ ತೂಗಬೇಕಾದವನು ತನಗೆ ಈಗಾಗಲೇ ಗೊತ್ತಿರುವ ಅಳತೆಗಳಿಂದಲೇ ತೂಗುತ್ತಾನೆ. ಹೊಸ ವ್ಯಾಕರಣವನ್ನು ಕಲಿತು ಅದರ ಒಳಗಿನಿಂದ ತೀರ್ಪು ಕೊಡುವ ಪುರುಸೊತ್ತು ಅವನಿಗಿಲ್ಲ. ಮೇಲಾಗಿ ನೂರು ಮತಗಳನ್ನು ಕೂಡಿಸಿದಾಗ, ಕೆಲವರು ತಲೆಯ ಮೇಲೆ ಹೊತ್ತು ಕೆಲವರು ಬದಿಗೆ ತಳ್ಳಿದ ಆಟಕ್ಕಿಂತ ಎಲ್ಲರೂ ಸಾಕಷ್ಟು ಮೆಚ್ಚಿದ ಆಟ ಮೇಲೆ ಬರುವ ಸಂಭವ ಹೆಚ್ಚು. ಪಟ್ಟು ಹಿಡಿದು ಹೊಸದನ್ನು ಮಾಡಿದ ಆಟಗಳು ಆರಂಭದಲ್ಲಿ ಇಂಥ ಒಡಕನ್ನೇ ಹುಟ್ಟಿಸುತ್ತವೆ.

ಪ್ರಭಾವದ ಕುರುಹುಗಳು

ಪ್ರಭಾವವೆಂಬುದು ಅಳೆಯಲಾಗದ ಮಂಜಿನಂಥದ್ದು ಎಂಬ ಮಾತಿದೆ. ಆದರೆ ಅದು ಬಿಟ್ಟುಹೋಗುವ ಕುರುಹುಗಳು ಮೂರಾದರೂ ಇವೆ. ಒಂದು, ಆಟದ ಹೆಸರೇ ಒಂದು ಪ್ರಕಾರದ ಹೆಸರಾಗುವುದು. ಎರಡು, ಅದರ ನಿಯಮಗಳು ಬೇರೆಯವರ ಆಟಗಳಲ್ಲಿ ಗುರುತು ಹಿಡಿಯುವಂತೆ ಮರುಬಳಕೆಯಾಗುವುದು. ಮೂರು, ಮುಂದಿನವರು ಬಾಯಿಬಿಟ್ಟು ಋಣ ಒಪ್ಪಿಕೊಳ್ಳುವುದು. ಈ ಮೂರರ ಪ್ರಕಾರ ನೋಡಿದರೆ ಆರ್‌ಪಿಜಿ ಚರಿತ್ರೆಯ ಮೊದಲ ದೊಡ್ಡ ಹೆಸರುಗಳೆಲ್ಲ ಪ್ರಶಸ್ತಿ ವ್ಯವಸ್ಥೆ ಇನ್ನೂ ಬೇರೂರಿರದ ಕಾಲದವು. ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಎಂಬ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು 1980ರ ಸುಮಾರಿಗೆ ಬರೆದ ‘ರೋಗ್’ನಲ್ಲಿ ಚಿತ್ರಗಳೇ ಇರಲಿಲ್ಲ. ತೆರೆಯ ಮೇಲೆ @ ಎಂಬ ಚಿಹ್ನೆಯೇ ನಾಯಕ, ದೊಡ್ಡಕ್ಷರಗಳೇ ರಾಕ್ಷಸರು. ನೆಲಮಾಳಿಗೆ ಪ್ರತಿಸಲವೂ ಹೊಸದಾಗಿ ಹುಟ್ಟುತ್ತಿತ್ತು. ಸತ್ತರೆ ಸತ್ತಂತೆ, ಮತ್ತೆ ಮೊದಲಿನಿಂದ. ಇವತ್ತು ‘ರೋಗ್‌ಲೈಕ್’ ಎಂಬ ಪದ ಅಂಗಡಿಯ ವರ್ಗಸೂಚಿ. ನಲವತ್ತು ವರ್ಷಗಳ ಬಳಿಕ, 2020ರಲ್ಲಿ, ಸೂಪರ್‌ಜಯಂಟ್ ಗೇಮ್ಸ್‌ನ ‘ಹೇಡಿಸ್’ ಅದೇ ಸಾವು–ಮರುಹುಟ್ಟಿನ ಚಕ್ರವನ್ನು ಗ್ರೀಕ್ ಪುರಾಣದ ಪಾತಾಳದಿಂದ ತಪ್ಪಿಸಿಕೊಳ್ಳಲು ಹೆಣಗುವ ಮಗನೊಬ್ಬನ ಕಥೆಯಾಗಿ ಮಾರ್ಪಡಿಸಿತು. ಸತ್ತು ಮನೆಗೆ ಮರಳಿದಾಗಲೆಲ್ಲ ಮನೆಯವರು ಹೊಸ ಮಾತಾಡುತ್ತಾರೆ. ಸೋಲೇ ಕಥೆಯನ್ನು ಬೆಳೆಸುತ್ತದೆ. ಡೈಸ್ ಮತ್ತು ಬಾಫ್ಟಾ ಎರಡೂ ಅದನ್ನು ಆ ವರ್ಷದ ಅತ್ಯುತ್ತಮ ಆಟವೆಂದವು. ಆ ಮನ್ನಣೆ ‘ಹೇಡಿಸ್’ನ ಕೌಶಲಕ್ಕೆ ಸಂದದ್ದು ನಿಜ. ಅದರ ಜೊತೆಗೆ, ಒಮ್ಮೆ ಕಂಪ್ಯೂಟರ್ ವಿದ್ಯಾರ್ಥಿಗಳ ಖಯಾಲಿಯಾಗಿದ್ದ ನಿಯಮವೊಂದು ವಿವರಣೆ ಬೇಡದಷ್ಟು ಸಹಜವಾಯಿತು ಎಂಬುದಕ್ಕೆ ಅದು ದಿನಾಂಕ ಸಹಿತ ದಾಖಲೆ.

ಇದೇ ಕಾಲದ ಇನ್ನೊಂದು ಕವಲು ಜಪಾನಿಗೆ ಹೋಗಿ ಬಂತು. 1981ರಲ್ಲಿ ಅಮೆರಿಕದಲ್ಲಿ ‘ವಿಝಾರ್ಡ್ರಿ’ ಮತ್ತು ‘ಅಲ್ಟಿಮಾ’ ಬಂದವು. ಯೂಜಿ ಹೋರಿ 1986ರ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಎರಡನ್ನೂ ಬೆಸೆದರು: ಮೇಲಿನಿಂದ ಕಾಣುವ ನಾಡಿನ ನಕ್ಷೆಯಲ್ಲಿ ನಡೆಯುವುದು ‘ಅಲ್ಟಿಮಾ’ದ್ದು, ಎದುರಾಳಿಯನ್ನು ಮುಖಾಮುಖಿ ಕಂಡು ಸರದಿಯ ಪ್ರಕಾರ ಹೊಡೆಯುವುದು ‘ವಿಝಾರ್ಡ್ರಿ’ಯದು. ಮರುವರ್ಷ ‘ಫೈನಲ್ ಫ್ಯಾಂಟಸಿ’ ಬಂತು. 1997ರಲ್ಲಿ ಅದರ ಏಳನೆಯ ಕಂತು ಜಪಾನೀ ಆರ್‌ಪಿಜಿಯನ್ನು ಪಶ್ಚಿಮದ ಮನೆಮನೆಗೆ ಮುಟ್ಟಿಸಿತು. ಆದರೂ ಆ ವರ್ಷದ ಆಟಗಳಿಗೆ ಕೊಟ್ಟ ಮೊದಲ ಡೈಸ್ ಪರಮ ಮನ್ನಣೆ ‘ಗೋಲ್ಡನ್‌ಐ 007’ ಎಂಬ ಗುಂಡು ಹಾರಿಸುವ ಆಟಕ್ಕೆ ಹೋಯಿತು. ಕೊನೆಗೆ 2025ರ ಡಿಸೆಂಬರಿನಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಎಂಬ ಹೊಸ ಸಂಸ್ಥೆಯ ‘ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ದಿ ಗೇಮ್ ಅವಾರ್ಡ್ಸ್‌ನಲ್ಲಿ ‘ವರ್ಷದ ಆಟ’ವೂ ಸೇರಿದಂತೆ ಒಂಬತ್ತು ಪ್ರಶಸ್ತಿ ಗೆದ್ದಿತು. ಸರದಿಯ ಕಾಳಗ, ಗುಂಪಿನ ಪಯಣ, ದುಃಖವನ್ನು ಹಾಡಾಗಿಸುವ ಸಂಗೀತ ಇವೆಲ್ಲ ‘ಫೈನಲ್ ಫ್ಯಾಂಟಸಿ’ಯ ಮನೆತನದವು, ಮಾಡಿದವರೂ ಆ ಋಣವನ್ನು ಬಚ್ಚಿಟ್ಟಿಲ್ಲ. ಹೊಡೆತ ಬೀಳುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿ ತಡೆಯುವ ಚುರುಕನ್ನು ಅವರು ಸರದಿಯೊಳಗೆ ಸೇರಿಸಿದ್ದಾರೆ. 2025ರ ಈ ಪ್ರಶಸ್ತಿಯನ್ನು ಶಾಸನದಂತೆ ಓದಿದರೆ ಕಾಣುವುದು ಇದು: ಸರದಿ ಕಾಯುವ ಕಾಳಗ ಹಳೆಯ ಕಾಲದ್ದೆಂದು ದೊಡ್ಡ ಬಂಡವಾಳದ ಸಂಸ್ಥೆಗಳು ಕೈಬಿಡುತ್ತಿದ್ದ ಹೊತ್ತಿನಲ್ಲೇ ಅದನ್ನು ಬಾಲ್ಯದಲ್ಲಿ ಆಡಿ ಬೆಳೆದವರ ತಲೆಮಾರು ಆಟ ಕಟ್ಟುವ, ತೀರ್ಪು ಕೊಡುವ ಜಾಗಗಳಿಗೆ ಬಂದು ಕೂತಿತ್ತು.

ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಮಾಡಿದ ‘ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್’ ಕೂಡ ಇಲ್ಲಿ ಗಮನಾರ್ಹ. ಅದರಲ್ಲಿ ಕೊಲ್ಲಬೇಕಾದ ಮಹಾಖಳ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ನಡೆನುಡಿಯಲ್ಲಿ ಸಾಧಿಸುವುದೇ ಆಟದ ಗುರಿ. ಕಣ್ಣಿಲ್ಲದ ವ್ಯಾಪಾರಿಯಿಂದ ಸಾಮಾನು ಕೊಂಡು ಕಡಿಮೆ ಹಣ ಎಣಿಸಿಕೊಟ್ಟರೆ ತೆರೆಯ ಮೇಲೆ ಏನೂ ಆಗುವುದಿಲ್ಲ. ಒಳಗೆಲ್ಲೋ ಲೆಕ್ಕ ಬರೆದಿಟ್ಟುಕೊಳ್ಳಲಾಗುತ್ತದೆ. ಆಟಗಾರನ ನೈತಿಕ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುವ ಆಟಗಳೆಲ್ಲ ಈ ಲೆಕ್ಕದ ಪುಸ್ತಕಕ್ಕೆ ಋಣಿ. ‘ಅವತಾರ’ ಎಂಬ ನಮ್ಮ ಪದವನ್ನು ಗ್ಯಾರಿಯಟ್ ಅದರ ಹಿಂದೂ ಅರ್ಥದ ಅರಿವಿಟ್ಟುಕೊಂಡೇ ಎತ್ತಿಕೊಂಡರು. ತೆರೆಯ ಮೇಲಿನ ರೂಪ ಆಟಗಾರನೇ ಇಳಿದು ಬಂದದ್ದು, ಆದ್ದರಿಂದ ಅದರ ಪಾಪಪುಣ್ಯ ಅವನದೇ ಎಂಬುದು ಅವರ ಆಶಯ. ಇಂದು ಕಂಪ್ಯೂಟರ್ ಲೋಕದಲ್ಲೆಲ್ಲ ‘ಅವತಾರ್’ ಎಂದರೆ ಖಾತೆಯ ಮುಖಚಿತ್ರ. ಪದ ಉಳಿದು ಅದರ ನೈತಿಕ ಭಾರ ಸೋರಿಹೋದದ್ದು ಪ್ರಭಾವದ ಇನ್ನೊಂದು ಗುಣವನ್ನು ತೋರಿಸುತ್ತದೆ: ಹರಡುವುದೆಲ್ಲ ಮೂಲದ ಹೊರೆಯನ್ನು ಹೊತ್ತೇ ಹರಡಬೇಕೆಂದಿಲ್ಲ.

ಹತ್ತು ವರ್ಷ ತಡವಾಗಿ ಬಂದ ಮನ್ನಣೆ

ಪ್ರಶಸ್ತಿ ವ್ಯವಸ್ಥೆ ಬಲಿತ ಮೇಲೆ ನಡೆದ ಪ್ರಕರಣವೊಂದನ್ನು ಹತ್ತಿರದಿಂದ ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹಿದೆತಾಕ ಮಿಯಾಝಾಕಿ ನಿರ್ದೇಶಿಸಿದ ‘ಡೀಮನ್ಸ್ ಸೋಲ್ಸ್’ 2009ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಂತು. ಅಲ್ಲಿ ಅದನ್ನು ಹೊರತಂದ ಸೋನಿ ಪಶ್ಚಿಮದಲ್ಲಿ ತರುವ ಮನಸ್ಸು ಮಾಡಲಿಲ್ಲ; ಅಮೆರಿಕದಲ್ಲಿ ಆಟ್ಲಸ್ ಎಂಬ ಬೇರೆ ಪ್ರಕಾಶಕರು ಹೊರತಂದರು. ಆ ವರ್ಷದ ಸ್ಪೈಕ್ ಪ್ರಶಸ್ತಿ ‘ಅನ್‌ಚಾರ್ಟೆಡ್ 2’ಕ್ಕೆ ಸಂದಿತು. 2011ರಲ್ಲಿ ಇದೇ ತಂಡದ ‘ಡಾರ್ಕ್ ಸೋಲ್ಸ್’ ಬಂದಾಗ ಆ ಪ್ರಶಸ್ತಿಯ ಅಂತಿಮ ಐದರಲ್ಲೂ ಅದರ ಹೆಸರಿರಲಿಲ್ಲ. ಗೆದ್ದದ್ದು ಬೆಥೆಸ್ಡಾದ ‘ಸ್ಕೈರಿಮ್’. ‘ಡಾರ್ಕ್ ಸೋಲ್ಸ್’ನ ಕೇಂದ್ರದಲ್ಲಿರುವುದು ಬೂದಿಯಲ್ಲಿ ನೆಟ್ಟ ಕತ್ತಿಯ ಸುತ್ತ ಉರಿಯುವ ಒಂದು ಬೆಂಕಿಗುಡ್ಡೆ. ಅದರ ಬಳಿ ಕೂತರೆ ಗಾಯ ಮಾಯುತ್ತದೆ, ಔಷಧದ ಕುಪ್ಪಿ ತುಂಬುತ್ತದೆ. ಆದರೆ ನೀವು ಕೊಂದುಬಂದ ಶತ್ರುಗಳೆಲ್ಲ ಎದ್ದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಸತ್ತರೆ ಗಳಿಕೆಯೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ. ಮರಳಿ ಅಲ್ಲಿಗೆ ಹೋಗಿ ಎತ್ತಿಕೊಳ್ಳಲು ಒಂದೇ ಅವಕಾಶ; ದಾರಿಯಲ್ಲಿ ಮತ್ತೆ ಸತ್ತರೆ ಅದು ಶಾಶ್ವತವಾಗಿ ಹೋಯಿತು. ವಿಶ್ರಾಂತಿಗೂ ಬೆಲೆ ತೆರಬೇಕು, ಸೋಲಿಗೂ ಒಂದು ಆಸೆಯ ಎಳೆ ಇರಬೇಕು ಎಂಬ ಈ ಜೋಡಿ ನಿಯಮವೇ ಮುಂದೆ ದೇಶದೇಶ ಸುತ್ತಿತು.

2017ರಲ್ಲಿ ಆಸ್ಟ್ರೇಲಿಯಾದ ಸಣ್ಣ ತಂಡವೊಂದು ಕಟ್ಟಿದ ‘ಹಾಲೋ ನೈಟ್’ನಲ್ಲಿ ಬೆಂಕಿಯ ಜಾಗಕ್ಕೆ ಬೆಂಚು ಬಂತು, ಸತ್ತಲ್ಲಿ ನಾಯಕನ ನೆರಳೇ ಹಣ ಹಿಡಿದು ಕಾಯುತ್ತದೆ. 2019ರ ‘ಸ್ಟಾರ್ ವಾರ್ಸ್ ಜೆಡೈ: ಫಾಲನ್ ಆರ್ಡರ್’ನಲ್ಲಿ ಧ್ಯಾನಕ್ಕೆ ಕೂತು ವಿಶ್ರಮಿಸಿದರೆ ಶತ್ರುಗಳು ಮರಳುತ್ತಾರೆ, ಕಳೆದ ಅನುಭವಾಂಕ ಬೇಕೆಂದರೆ ಕೊಂದವನನ್ನೇ ಹುಡುಕಿ ಹೊಡೆಯಬೇಕು. ‘ಸೋಲ್ಸ್‌ಲೈಕ್’ ಎಂಬ ಪದ ನೆಲೆಯೂರಿತು. ಇಷ್ಟೆಲ್ಲ ಆದಮೇಲೆ 2019ರಲ್ಲಿ ಮಿಯಾಝಾಕಿಯವರ ‘ಸೆಕಿರೊ’ ದಿ ಗೇಮ್ ಅವಾರ್ಡ್ಸ್ ಗೆದ್ದಿತು. ಅದು ಪಾತ್ರದ ಅಂಕಿ ಬೆಳೆಸುವ ಆರ್‌ಪಿಜಿ ಪದ್ಧತಿಯನ್ನು ಬಹುಮಟ್ಟಿಗೆ ಕಳಚಿಟ್ಟ ಆಟ ಎಂಬುದು ಇಲ್ಲಿನ ವಿಪರ್ಯಾಸ. 2022ರಲ್ಲಿ ‘ಎಲ್ಡನ್ ರಿಂಗ್’ ಗೆದ್ದಿತು. 2024ರ ಹೊತ್ತಿಗೆ ಅದರ ಎರಡೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ನಡುವೆ 2021ರಲ್ಲಿ ಗೋಲ್ಡನ್ ಜಾಯ್‌ಸ್ಟಿಕ್ ಮತದಾರರು ‘ಡಾರ್ಕ್ ಸೋಲ್ಸ್’ಗೆ ಸಾರ್ವಕಾಲಿಕ ಶ್ರೇಷ್ಠ ಆಟವೆಂಬ ಪಟ್ಟ ಕಟ್ಟಿದರು. ಬಂದ ವರ್ಷದಲ್ಲಿ ಅಂತಿಮ ಐದರೊಳಗೂ ಬಾರದ್ದು ಹತ್ತು ವರ್ಷದ ಬಳಿಕ ಎಲ್ಲ ಕಾಲದ ಮೊದಲನೆಯದಾಯಿತು. 2011ರ ತೀರ್ಪುಗಾರರನ್ನು ಇದಕ್ಕಾಗಿ ದೂರಬೇಕಿಲ್ಲ. ‘ಸ್ಕೈರಿಮ್’ ಇಂದಿಗೂ ಜನ ಆಡುವ, ತಿದ್ದುವ, ಮರಳಿ ಹೋಗುವ ಆಟ. ಅದು ಆಡುವವರ ನಡುವೆ ಬಾಳಿತು, ‘ಡಾರ್ಕ್ ಸೋಲ್ಸ್’ ಆಟ ಕಟ್ಟುವವರ ನಡುವೆ ಬಾಳಿತು. ವರ್ಷದ ಪ್ರಶಸ್ತಿ ಮೊದಲನೆಯ ಬಾಳಿಕೆಯನ್ನು ಒಂದಿಷ್ಟಾದರೂ ಊಹಿಸಬಲ್ಲದು, ಎರಡನೆಯದನ್ನು ಊಹಿಸುವ ಸಾಧನ ಅದರ ಬಳಿ ಇಲ್ಲ.

‘ಸೆಕಿರೊ’ ಗೆದ್ದ 2019ರ ಪಟ್ಟಿಯೊಳಗೆ ಇನ್ನೊಂದು ಬಿರುಕು ಕಾಣುತ್ತದೆ. ಎಸ್ಟೋನಿಯಾ ಮೂಲದ ಝಾ/ಉಮ್ ತಂಡದ ‘ಡಿಸ್ಕೊ ಇಲೀಸಿಯಮ್’ ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಶ್ರೇಷ್ಠ ಆರ್‌ಪಿಜಿ, ಶ್ರೇಷ್ಠ ಕಥನ ಸೇರಿದಂತೆ ನಾಲ್ಕು ಪ್ರಶಸ್ತಿ ಗೆದ್ದಿತು. ಆದರೆ ‘ವರ್ಷದ ಆಟ’ದ ಆರು ಹೆಸರುಗಳಲ್ಲಿ ಅದಿರಲಿಲ್ಲ. ಆರ್‌ಪಿಜಿ ವಿಭಾಗದಲ್ಲಿ ಅದರೆದುರು ಸೋತ ‘ದಿ ಔಟರ್ ವರ್ಲ್ಡ್ಸ್’ ಆ ಆರರಲ್ಲಿ ಇತ್ತು! ಪರಸ್ಪರ ಒಪ್ಪದ ಈ ಎರಡು ತೀರ್ಪುಗಳು ಒಂದೇ ಪೀಠದಿಂದ ಹೊರಬಂದದ್ದಕ್ಕೆ ಕಾರಣ ಆಟದೊಳಗೇ ಇದೆ. ನೆನಪು ಕಳೆದುಕೊಂಡ ಪತ್ತೇದಾರನೊಬ್ಬ ಹೋಟೆಲಿನ ಕೋಣೆಯಲ್ಲಿ ಎದ್ದೇಳುತ್ತಾನೆ. ಅವನ ಇಪ್ಪತ್ನಾಲ್ಕು ಕೌಶಲಗಳು ಬರೀ ಅಂಕಿಗಳಾಗಿರದೆ ಇಪ್ಪತ್ನಾಲ್ಕು ದನಿಗಳಾಗಿ ತಲೆಯೊಳಗೆ ಮಾತಾಡುತ್ತವೆ. ಒಂದು ತರ್ಕಿಸಿದರೆ ಒಂದು ಹೆದರಿಸುತ್ತದೆ, ಇನ್ನೊಂದು ಸುಳ್ಳನ್ನೂ ಹೇಳುತ್ತದೆ. ಪ್ರತ್ಯೇಕ ಕಾಳಗ ವ್ಯವಸ್ಥೆಯೇ ಇಲ್ಲ. ಬಡಿದಾಟವೂ ಸಂಭಾಷಣೆ ಮತ್ತು ಎರಡು ದಾಳಗಳ ಮೇಲೆ ನಿರ್ಧಾರವಾಗುತ್ತದೆ. ಹೆಣದ ಮನೆಯಲ್ಲಿ ನೆನಪಿಲ್ಲದೆ ಎದ್ದೇಳುವ ನಾಯಕನ 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಬಲ್ಲವರಿಗೆ ಇದರ ಕುಲ ಕೂಡಲೇ ತಿಳಿಯುತ್ತದೆ. ಆರ್‌ಪಿಜಿಯೆಂದರೇನೆಂದು ಬಲ್ಲವರ ಕೋಣೆಯಲ್ಲಿ ಅದು ಮೊದಲನೆಯದು. ಎಲ್ಲ ಪ್ರಕಾರಗಳ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ಹಾಕುವ ದೊಡ್ಡ ಸಭೆಯಲ್ಲಿ, ಓದುವುದೇ ಆಟವಾಗಿರುವ ಆಟಕ್ಕೆ ತೂಕದ ಕಲ್ಲು ಸಿಗಲಿಲ್ಲ. 2015ರ ‘ಅಂಡರ್‌ಟೇಲ್’ ಕೂಡ ‘ವರ್ಷದ ಆಟ’ದ ಪಟ್ಟಿಗೆ ಹೊರಗೇ ಉಳಿಯಿತು. ಟೋಬಿ ಫಾಕ್ಸ್ ಬಹುಪಾಲು ಒಬ್ಬರೇ ಮಾಡಿದ ಆ ಆಟ, ಅನುಭವಾಂಕವನ್ನು ಕೊಲೆಯ ಅಂಕವೆಂದೂ ‘ಲೆವೆಲ್’ ಎಂಬುದನ್ನು ಹಿಂಸೆಯ ಮಟ್ಟವೆಂದೂ ಕೊನೆಗೆ ಬಿಡಿಸಿ ಹೇಳಿ, ಅದುವರೆಗೆ ಅಂಕಿ ಬೆಳೆದದ್ದಕ್ಕೆ ಹಿಗ್ಗಿದ ಆಟಗಾರನನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಆರ್‌ಪಿಜಿಯ ಮೂಲ ನಿಯಮಕ್ಕೇ ಇಟ್ಟ ಇಂಥ ಪ್ರಶ್ನೆ ವರ್ಷದ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಆಕ್ಷೇಪಗಳು

ಮೊದಲ ಆಕ್ಷೇಪ: ಪ್ರಶಸ್ತಿಯೇ ಪ್ರಭಾವವನ್ನು ಹುಟ್ಟಿಸುವುದಿಲ್ಲವೇ? ಗೆದ್ದ ಆಟ ಹೆಚ್ಚು ಮಾರುತ್ತದೆ, ಹೆಚ್ಚು ಮಾರಿದ್ದನ್ನು ಉದ್ಯಮ ನಕಲು ಮಾಡುತ್ತದೆ. ಹಾಗಿರುವಾಗ ಎರಡನ್ನೂ ಬೇರೆ ಮಾಡುವುದು ಕೃತಕ ಎನ್ನಬಹುದು. ಗೆಲುವಿಗೆ ಮಾರುಕಟ್ಟೆಯ ಬಲವಿದೆ ಎಂಬುದು ಸರಿಯೇ. ಪ್ರಕಾಶಕರು ‘ವರ್ಷದ ಆಟ ಆವೃತ್ತಿ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿ ಮತ್ತೊಮ್ಮೆ ಮಾರುವುದು ಹಳೆಯ ರೂಢಿ. ಅರಸನೇ ಖರ್ಚು ಕೊಟ್ಟು ಬರೆಸಿದ ಪ್ರಶಸ್ತಿಗೂ ಅದಕ್ಕೂ ಬಹಳ ದೂರವಿಲ್ಲ. ಆದರೆ ಮಾರಾಟದ ನೂಕು ಇದ್ದ ಮಾತ್ರಕ್ಕೆ ವಂಶ ಬೆಳೆಯುವುದಿಲ್ಲ. 2014ರ ಆಟಗಳಲ್ಲಿ ಮೊದಲ ಗೇಮ್ ಅವಾರ್ಡ್ಸ್ ಮತ್ತು ಡೈಸ್ ಎರಡನ್ನೂ ಗೆದ್ದ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ತನ್ನ ಹೆಸರಿನ ಪ್ರಕಾರವೊಂದನ್ನು ಹುಟ್ಟಿಸಲಿಲ್ಲ, ಅದರ ಯಾವ ನಿಯಮವನ್ನೂ ಮುಂದಿನವರು ಅದರದೇ ಎಂದು ಗುರುತಿಸಿ ಎತ್ತಿಕೊಂಡಂತೆ ಕಾಣುವುದಿಲ್ಲ. 2014ರ ಒಳ್ಳೆಯ ಆಟವಾಗಿ ಅದು ಉಳಿದಿದೆ. ಇದಕ್ಕೆ ತದ್ವಿರುದ್ಧವಾಗಿ, ‘ರೋಗ್’ಗೆ ಮಾರುಕಟ್ಟೆಯ ನೂಕು ಇರಲಿಲ್ಲ, ವಂಶ ಮಾತ್ರ ಬೆಳೆಯಿತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ತೀರ್ಪುಗಾರರು ಬೀಜವನ್ನೇ ಗುರುತಿಸಿದ ನಿದರ್ಶನಗಳಿವೆ. 1998ರ ಆಟಗಳಲ್ಲಿ ಡೈಸ್ ಪರಮ ಮನ್ನಣೆ ‘ಝೆಲ್ಡಾ: ಓಕರೀನಾ ಆಫ್ ಟೈಮ್’ಗೆ ಸಂದಿತು. ಮೂರು ಆಯಾಮದ ಲೋಕದಲ್ಲಿ ಒಬ್ಬ ಶತ್ರುವಿನ ಮೇಲೆ ನೋಟ ನೆಟ್ಟು ಅವನ ಸುತ್ತ ತಿರುಗುವ ಅದರ ಉಪಾಯ ಮುಂದೆ ‘ಡಾರ್ಕ್ ಸೋಲ್ಸ್’ವರೆಗೂ ಬಂತು. 2009ರಲ್ಲಿ ‘ಡೀಮನ್ಸ್ ಸೋಲ್ಸ್’ಗೆ ವರ್ಷದ ಆಟದ ಪಟ್ಟ ಕೊಟ್ಟ ಗೇಮ್‌ಸ್ಪಾಟ್ ಜಾಲತಾಣ ಇಂದು ದೂರದೃಷ್ಟಿಯುಳ್ಳದ್ದಾಗಿ ಕಾಣುತ್ತದೆ. ‘ವಿಚರ್ 3’ ಗೆದ್ದದ್ದೂ ಹೌದು, ಪ್ರಭಾವ ಬೀರಿದ್ದೂ ಹೌದು. ಅದರ ಉಪಕಥೆಗಳು ಬಂದು ಹೋಗುವ ಕೂಲಿಕೆಲಸಗಳಾಗಿರದೆ ಮನುಷ್ಯರ ಕಥೆಗಳಾಗಿದ್ದವು. ಕುಡಿತದಲ್ಲಿ ಸಂಸಾರ ಮುರಿದುಕೊಂಡ ಬ್ಯಾರನ್‌ನ ಕಥೆ ಮುಂದಿನ ತೆರೆದ ಲೋಕದ ಆಟಗಳಿಗೆ ಮಾದರಿಯಾಗಿ ನಿಂತಿತು. ಈ ನಿದರ್ಶನಗಳನ್ನು ಒಪ್ಪಿಕೊಂಡರೆ ವಾದ ಬೀಳುವುದಿಲ್ಲ, ಅದರ ಗಡಿ ಖಚಿತವಾಗುತ್ತದೆ. ಪ್ರಶಸ್ತಿ ಗೆದ್ದ ಆಟ ಪ್ರಭಾವಶಾಲಿ ಆಗಬಾರದು ಎಂದು ಯಾರೂ ಹೇಳುತ್ತಿಲ್ಲ. ಗೆದ್ದಿದೆ ಎಂಬುದು ಪ್ರಭಾವಕ್ಕೆ ಸಾಕ್ಷಿಯಾಗದು ಎಂಬುದಷ್ಟೇ ಮಾತು. ಗೇಮ್‌ಸ್ಪಾಟ್‌ನದು ಒಂದೇ ಜಾಲತಾಣದ ಸಂಪಾದಕರ ತೀರ್ಪು ಎಂಬುದನ್ನೂ ಗಮನಿಸಬೇಕು. ಒಂದು ಕೋಣೆಯಲ್ಲಿ ವಾದ ಮಾಡಿ ಒಪ್ಪಿಸುವ ಅವಕಾಶವಿದ್ದಲ್ಲಿ ಒಡಕು ಹುಟ್ಟಿಸುವ ಆಟಕ್ಕೂ ವಕೀಲನೊಬ್ಬ ಸಿಗುತ್ತಾನೆ. ನೂರು ಕಡೆಯ ಮತ ಕೂಡಿಸುವಲ್ಲಿ ವಕಾಲತ್ತಿಗೆ ಜಾಗವಿಲ್ಲ. ಮಂಡಳಿ ಕೂರಿಸುವ ಬಾಫ್ಟಾ 2022ರ ಆಟಗಳಲ್ಲಿ ‘ಎಲ್ಡನ್ ರಿಂಗ್’ ಬಿಟ್ಟು ಪುಟ್ಟ ‘ವ್ಯಾಂಪೈರ್ ಸರ್ವೈವರ್ಸ್’ ಅನ್ನು ಆರಿಸಿದ್ದು ಇದಕ್ಕೆ ಹೊಂದುವ ಪುರಾವೆ.

ಮೂರನೆಯ ಆಕ್ಷೇಪ ‘ವರ್ಷ’ ಎಂಬುದರ ಕುರಿತು. ಆಟ ಈಗ ಬಿಡುಗಡೆಯ ದಿನಕ್ಕೆ ಮುಗಿಯುವ ಕೃತಿಯಲ್ಲ. ಹಾಗಿದ್ದಮೇಲೆ ಪ್ರಶಸ್ತಿ ತಪ್ಪಿದರೆ ಅದು ವ್ಯವಸ್ಥೆಯ ತಾಂತ್ರಿಕ ದೋಷ, ತಿದ್ದಬಹುದು ಎನ್ನುವವರಿದ್ದಾರೆ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ದೋಷಗಳ ರಾಶಿಯೊಡನೆ ಬಂತು; ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆಯಿತು. 2023ರಲ್ಲಿ ಆಳವಾದ ತಿದ್ದುಪಡಿಯ ಬಳಿಕ ಅದೇ ಆಟ ದಿ ಗೇಮ್ ಅವಾರ್ಡ್ಸ್‌ನಲ್ಲಿ, ಬಿಡುಗಡೆಯ ನಂತರವೂ ಬೆಳೆಯುವ ಆಟಗಳಿಗೆ ಮೀಸಲಾದ ಪ್ರಶಸ್ತಿ ಪಡೆಯಿತು. 2024ರಲ್ಲಿ ‘ಎಲ್ಡನ್ ರಿಂಗ್’ನ ವಿಸ್ತರಣೆ ‘ವರ್ಷದ ಆಟ’ದ ಅಂತಿಮ ಪಟ್ಟಿಗೆ ಬಂದಾಗ, ಹಳೆಯ ಆಟದ ಹೊಸ ಅಧ್ಯಾಯ ಸ್ವತಂತ್ರ ಕೃತಿಯೇ ಎಂಬ ಚರ್ಚೆ ಎದ್ದಿತು. ಇಂಥ ಗಡಿಜಗಳಗಳಿಗೆ ನಿಯಮ ರಚಿಸಬಹುದು. ಆದರೆ ಕಾಲದ ಅಂತರವನ್ನು ಯಾವ ನಿಯಮವೂ ತುಂಬಲಾರದು. ಪ್ರಭಾವ ಗೊತ್ತಾಗುವುದು ಮುಂದಿನವರು ಏನು ಕಟ್ಟುತ್ತಾರೆಂಬುದರಿಂದ. ಆಟ ಕಟ್ಟಲು ಮೂರರಿಂದ ಆರು ವರ್ಷ ಬೇಕು. ವರ್ಷಾಂತ್ಯದ ತೀರ್ಪುಗಾರನ ಕಣ್ಣೆದುರು ಆ ಪುರಾವೆ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಪ್ರಭಾವ ಯಾವಾಗಲೂ ಸದ್ಗುಣವೇ ಎಂಬ ಊಹೆಯೂ ಈ ಆಕ್ಷೇಪಗಳ ಹಿಂದಿದೆ, ಅದನ್ನೂ ಬಿಡಬೇಕು. 2006ರ ಸ್ಪೈಕ್ ಪ್ರಶಸ್ತಿ ಗೆದ್ದ ‘ಒಬ್ಲಿವಿಯನ್’ ಬಿಡುಗಡೆಯಾದ ಮರುತಿಂಗಳೇ ಬೆಥೆಸ್ಡಾ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಪ್ರತ್ಯೇಕ ಮಾರಿತು. ಜನ ನಕ್ಕರು, ಬೈದರು, ಕೊಂಡರು. ಇಂದು ಆಟದೊಳಗೆ ಚಿಲ್ಲರೆ ಅಲಂಕಾರ ಮಾರುವ ಇಡೀ ವ್ಯಾಪಾರದ ಮಾತು ಬಂದಾಗ ಆ ಕುದುರೆ ಕವಚದ ಹೆಸರು ಮೊದಲು ಬರುತ್ತದೆ. ಹಾಗೆಯೇ 2007ರ ಆಟಗಳಲ್ಲಿ ಡೈಸ್ ಗೆದ್ದ ‘ಕಾಲ್ ಆಫ್ ಡ್ಯೂಟಿ 4’ ಯುದ್ಧದ ಆಟ. ಆದರೆ ಕೊಂದದ್ದಕ್ಕೆ ಅಂಕ, ಅಂಕಕ್ಕೆ ದರ್ಜೆ, ದರ್ಜೆಗೆ ಹೊಸ ಬಂದೂಕು ಎಂಬ ಅದರ ಬಹುಜನರ ಆಟದ ಬೆನ್ನೆಲುಬು ಆರ್‌ಪಿಜಿಯದು. ಆರ್‌ಪಿಜಿಯ ಅತಿ ದೊಡ್ಡ ಪ್ರಭಾವ ಹೀಗೆ ಬೇರೆ ಪ್ರಕಾರಗಳ ಮೈಯೊಳಗೆ ಸೇರಿಹೋದದ್ದರಿಂದ, ಆರ್‌ಪಿಜಿ ವಿಭಾಗದ ವಿಜೇತರ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಓದುವ ಕ್ರಮ

ಹಾಗಾದರೆ ಪಟ್ಟಿಗಳನ್ನು ಬದಿಗಿಡಬೇಕೇ? ಬೇಕಿಲ್ಲ. ಓದುವ ಕ್ರಮ ಬದಲಾದರೆ ಅವು ಬೆಲೆಬಾಳುವ ಆಕರಗಳೇ. 2023ರ ‘ಬಾಲ್ಡರ್ಸ್ ಗೇಟ್ 3’ ಈ ಲೇಖನದಲ್ಲಿ ಹೆಸರಿಸಿದ ಐದೂ ಇಂದಿನ ಪ್ರಶಸ್ತಿಗಳನ್ನು ಗೆದ್ದ ಮೊದಲ ಆಟ. ಅದನ್ನು ಕಟ್ಟಿದ ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆ 2020ರ ಅಕ್ಟೋಬರಿನಿಂದಲೇ ಅರೆಬೆಂದ ರೂಪದಲ್ಲಿ ಜನರ ಕೈಗಿಟ್ಟು ತಿದ್ದುತ್ತ ಬಂದಿತ್ತು. ಆಡುವಾಗ ಬಾಗಿಲ ಬೀಗ ತೆಗೆಯಲೋ ಕಾವಲುಗಾರನನ್ನು ಮಾತಿನಲ್ಲಿ ಮರುಳು ಮಾಡಲೋ ಹೊರಟರೆ, ತೆರೆಯ ನಡುವೆ ಇಪ್ಪತ್ತು ಮುಖಗಳ ದಾಳವೊಂದು ಕಣ್ಣೆದುರೇ ಉರುಳುತ್ತದೆ. ಕಂಪ್ಯೂಟರಿಗೆ ಆ ದಾಳವನ್ನು ತೋರಿಸುವ ಅಗತ್ಯವಿಲ್ಲ, ಒಳಗೇ ಲೆಕ್ಕ ಮಾಡಬಹುದು. 1998ರ ಮೂಲ ‘ಬಾಲ್ಡರ್ಸ್ ಗೇಟ್’ ಬಹುಮಟ್ಟಿಗೆ ಹಾಗೆಯೇ ಮಾಡುತ್ತಿತ್ತು. ಆ ಮೂಲ ಆಟದ ವರ್ಷದಲ್ಲಿ ಡೈಸ್‌ನ ಪರಮ ಮನ್ನಣೆ ಬೇರೊಂದಕ್ಕೆ ಹೋಗಿತ್ತು. ಇಪ್ಪತ್ತೈದು ವರ್ಷದ ಬಳಿಕ, ಮೇಜಿನ ಆಟದ ದಾಳವನ್ನು ಬಚ್ಚಿಡದೆ ನಡುಮಂಟಪದಲ್ಲಿ ಉರುಳಿಸಿದ ಆಟಕ್ಕೆ ಆಡುವವರು, ಕಟ್ಟುವವರು, ಬರೆಯುವವರು ಮೂವರೂ ತಲೆದೂಗಿದರು.

ಆದ್ದರಿಂದ ಪ್ರಶಸ್ತಿ ಪಟ್ಟಿಯನ್ನು ಕೈಗೆತ್ತಿಕೊಂಡ ಸಂಶೋಧಕ ಗೆದ್ದ ಹೆಸರಿನಲ್ಲಿ ನಿಲ್ಲದೆ ಮೂರು ಕಡೆ ಬೆರಳಿಡಬೇಕು: ಆ ಆಟ ಯಾರ ನಿಯಮಗಳನ್ನು ವಿವರಣೆಯಿಲ್ಲದೆ ಬಳಸಿದೆ, ಉಪವಿಭಾಗದಲ್ಲಿ ಗೆದ್ದು ಮುಖ್ಯ ಪಟ್ಟಿಯಿಂದ ಹೊರಗುಳಿದದ್ದು ಯಾವುದು, ಬೇರೆ ಬೇರೆ ಪೀಠಗಳು ಎಲ್ಲಿ ಒಡೆದವು. ರವಿಕೀರ್ತಿಯ ಕಲ್ಲಿನಲ್ಲಿ ಹೊಗಳಿಕೆಯ ಪದ್ಯಗಳು ಪುಲಕೇಶಿಯವು, ಹೋಲಿಕೆಗೆ ಬಂದ ಎರಡು ಹೆಸರುಗಳು ಕವಿಗಳವು. 2023ರ ಫಲಕದ ಮೇಲೆ ಕೆತ್ತಿರುವುದು ಲಾರಿಯನ್ ಆಟದ ಹೆಸರು. ಆ ಹೆಸರಿನೊಳಗೇ 1998 ಇದೆ, ಆ ದಾಳದೊಳಗೆ 1974 ಇದೆ.